ಉಳಿದ ಎಣ್ಣಿ ಮಾಲಕಂದು

ಬಾಡಿಗಿ ಗಾಡಿ ತೊಗೊಂಡು ಓಡಾಡೋ ಮನುಷ್ಯಾಗ ಏನೂ ಆಗದ ದಿನ ಅಂತ ಇರಂಗಿಲ್ಲ ನೋಡ್ರಿ. ಎಲ್ಲಾ ಬರೋಬ್ಬರಿ ಆತು ಅಂತ ಕೀಲಿಕೈ ಕೊಡೂ ಹೊತ್ತಿಗೆ ಒಂದು ಪ್ರಸಂಗ ಬಾಗಲದಾಗ ಬಂದು ನಿಂತಿರ್ತದ.

ನಾ ಕಮಲಾಪುರದಾಗ ಬಟ್ಟಿ ಹೊಲಿಯಾಂವ. ನನ್ನ ಹೆಂಡ್ತಿಗೆ ಕ್ಯಾನ್ಸರ್ ಅಂತ ಗೊತ್ತಾದ ಮ್ಯಾಲ ಕಲಬುರಗಿ ದವಾಖಾನಿಗೆ ಓಡಾಟ ಸುರು ಆತು. ಇಂಜೆಕ್ಷನ್ ಹಾಕಿಸ್ಕೊಂಡ ದಿನ ಅಕಿಗೆ ಬಸ್ಸಿನಾಗ ಕುಂದ್ರಾಕ ಆಗ್ತಿರಲಿಲ್ಲ. ಮಂದಿ ಬೆವರಿನ ವಾಸನಿ ಬಂದ್ರೂ ವಾಂತಿ. ಹೊಲಿಗಿ ಕಲಿಯೂಕ ಮೊದಲ ನಾ ಟೆಂಪೋ ಹೊಡೀತಿದ್ದೆ, ಹಂಗಾಗಿ ಡ್ರೈವರ್ ಬೇಕಾಗಿರಲಿಲ್ಲ. ಬರೇ ಕಾರು ಬಾಡಿಗಿ ಕೊಡಾಂವ ಒಬ್ಬ ನಮ್ಮೂರಾಗೇ ಸಿಕ್ಕ. ನನ್ನ ತಲ್ಯಾಗ ಇದ್ದದ್ದು ಒಂದೇ, ಅಕಿ ಉಳೀಬೇಕು. ಅವನ ತಲ್ಯಾಗ ಇದ್ದದ್ದೂ ಒಂದೇ, ಎಣ್ಣಿ. ಎಣ್ಣಿ ಅಂದ್ರ ಪೆಟ್ರೋಲ್. ನಮ್ಮ ಕಡೆ ಗಾಡಿಗೆ ಹಾಕೂದೆಲ್ಲ ಎಣ್ಣಿನೇ.

ಮಾಲಕನ ಕಾಯ್ದೆ

"ಕಾಯ್ದೆ ಸಾದಾ ಅದ ಮಾಸ್ತರ," ಅಂದ ಗಾಡಿ ಮಾಲಕ. "ಮುಂಜಾನಿ ಎಣ್ಣಿ ತೋರಿಸೋ ಮುಳ್ಳು ಕೆಂಪು ಗೆರಿ ಮ್ಯಾಲ ಇಟ್ಟು ಗಾಡಿ ಕೊಡ್ತೀನಿ. ಎಣ್ಣಿ ನೀವು ಹಾಕಿಸ್ಕೋರಿ. ಸಂಜಿಕಿ ಬಂದು ನಿಂತಾಗ ಮುಳ್ಳು ಕೆಂಪು ಗೆರಿ ಮ್ಯಾಲೇ ಇರಬೇಕು. ಕೆಳಗ ಇಳದಿದ್ರ ದಂಡ."

"ಗೆರಿಗಿಂತ ಭಾಳ ಉಳದಿದ್ರ?" ಅಂತ ಕೇಳ್ದೆ.

"ಅದು ನಿಮ್ಮ ಪ್ರೀತಿ," ಅಂದ.

ಅವನ ಮೋಟಾರ್ ಸೈಕಲ್ ಎಷ್ಟೋ ವರ್ಷದಿಂದ ಊರ ಮಂದಿ ಪ್ರೀತಿ ಮ್ಯಾಲೇ ಓಡಾಕತ್ತದ ಅಂತ ನಂಗ ಆಮ್ಯಾಲ ಗೊತ್ತಾತು.

ಮೊದಲನೇ ದಿನ ಸಂಜಿಕಿ ಗಾಡಿ ತಂದು ಅವನ ಮನಿ ಮುಂದ ನಿಲ್ಲಿಸಿದೆ. ಅಲ್ಲಿ ಇಳಿಜಾರು. ಅವ ಕೈ ಮಾಡಿ ತೋರಿಸಿದ ಕಡೆನೇ ಮುಸುಡಿ ಮಾಡಿ ನಿಲ್ಲಿಸಿದ್ರ ಮುಳ್ಳು ಗೆರಿ ಕೆಳಗ. ಮಾಲಕ ಲೊಚ್ ಲೊಚ್ ಅಂದ. ನಮ್ಮಾಕಿ ತಲಿಗೆ ಸೆರಗು ಸುತ್ಕೊಂಡು, ವಾಂತಿ ತಡಕೊಂಡು ಕಣ್ಣು ಮುಚ್ಚಿ ಕುಂತಿದ್ದಳು. ಕಣ್ಣು ತೆಗೀದೆನೇ ಅಂದಳು, "ರೀ, ಗಾಡಿ ತಿರುವಿ ನಿಲ್ಲಸ್ರಿ."

ತಿರುವಿದೆ. ಮುಳ್ಳು ಮೆಲ್ಲಕ ಗೆರಿ ದಾಟಿ ಮ್ಯಾಲ ಹೋಗಿ ಕುಂತಿತು.

ಮಾಲಕ ಮತ್ತೊಮ್ಮೆ ಬಗ್ಗಿ ಮುಳ್ಳು ನೋಡಿದ. ಆಮ್ಯಾಲ ನನ್ನ ಕಡೆ ಹೊಳ್ಳಿ, "ವೈನಿಯವರಿಗೆ ಆರಾಮ ಇಲ್ಲ ಅಂದಿದ್ರಿ. ಹಂಗೇನು ಕಾಣಂಗಿಲ್ಲಲ್ಲ," ಅಂದ.

ಬಾಳಿಹಣ್ಣಿನಾಂವ

ಕೆಂಪು ಗೆರಿ ಮ್ಯಾಲ ಮುಳ್ಳು ಅಂದ್ರ ಊರ ಪೆಟ್ರೋಲ್ ಬಂಕಿನ ತನಕ ಹೋಗಿ ಜೀವ ಬಿಡೂವಷ್ಟು ಎಣ್ಣಿ. ಅದಕ್ಕಿಂತ ಒಂದು ಹನಿ ಹೆಚ್ಚಿರ್ತಿರಲಿಲ್ಲ. ಒಂದು ಮುಂಜಾನಿ ಹೋದ್ರ ಬಂಕಿನಾಗ ಸ್ಟಾಕ್ ಇಲ್ಲ ಅಂತ ಹಗ್ಗ ಕಟ್ಟಿದ್ರು. ಮುಂದಿನ ಬಂಕಿಗೆ ಹೋಗೂಣು ಅಂತ ದೇವರ ಮ್ಯಾಲ ಭಾರ ಹಾಕಿ ಹೊಂಟೆ. ದೇವರು ಹೆದ್ದಾರಿ ಬಾಜೂಕ ಬಾಳಿಹಣ್ಣು ಮಾರೋರ ಸಾಲು ಬರೂತನಕ ಕೈ ಹಿಡಿದ, ಅಲ್ಲಿ ಬಿಟ್ಟುಬಿಟ್ಟ.

ದವಾಖಾನ್ಯಾಗ ಪಾಳಿ ತಪ್ಪಿದ್ರ ಮತ್ತೊಂದು ದಿನ ಹೋಗಬೇಕು. ಡಾಕ್ಟರು ಮೊದಲೇ ಹೇಳಿದ್ರು, ಈ ಇಂಜೆಕ್ಷನ್ ವ್ಯಾಳ್ಯಾ ತಪ್ಪಬಾರದು ಅಂತ. ಆ ಹೊತ್ತಿನಾಗ ಮಾಲಕ ಏನರ ಎದುರಿಗೆ ಬಂದಿದ್ರ ಅವನ ಅಂಗಿ ಅಳತಿ ಅಲ್ಲೇ ತೊಗೊಂಡುಬಿಡ್ತಿದ್ದೆ, ಮೈ ಮ್ಯಾಲಿನ ಚರ್ಮ ಸಮೇತ.

ಅಷ್ಟೊತ್ತಿಗೆ ಒಬ್ಬ ಬಾಳಿಹಣ್ಣಿನಾಂವ ನಕ್ಕೋತ ಬಂದ. ಕೈಯಾಗ ಒಂದು ಬಾಟ್ಲಿ.

"ಪೆಟ್ರೋಲ್ ಅಲ್ಲೇನ್ರಿ ಕಾಕಾ? ಆಯಿಯವರು ಅಲ್ಲೇ ಕುಂದ್ರಲಿ, ನಾ ಹಾಕ್ತೀನಿ."

"ನಿಂಗ ಹೆಂಗ ಗೊತ್ತಾತಪ್ಪಾ?"

"ಬಾಳಿಹಣ್ಣು ಒಂದಿನ ಹೋಗ್ತಾವ, ಒಂದಿನ ಇಲ್ಲ ಕಾಕಾ. ಈ ಬಿಳಿ ಗಾಡಿ ಮಾತ್ರ ಬಾರಾ ಮೈನಾ, ವರ್ಷ ಪೂರ್ತಿ, ಇಲ್ಲೇ ನಿಲ್ತದ. ಹಣ್ಣಿನ ಬುಟ್ಟಿ ಬಾಜೂಕ ಎರಡು ಬಾಟ್ಲಿ ಯಾವಾಗಲೂ ಇಟ್ಟಿರ್ತೀನಿ," ಅಂದ. ರೊಕ್ಕ ಬಾಟ್ಲಿಗೆ ಅಷ್ಟೇ ತೊಗೊಂಡ. ನಮ್ಮಾಕಿ ಕೈಯಾಗ ಎರಡು ಕೆಂಪು ಬಾಳಿಹಣ್ಣು ಇಟ್ಟು, "ಇದು ನಿಮ್ಮ ಮಾಲಕನ ಹೆಸರಲೆ. ಅವ ನಂಗ ಭಾಳ ಧಂದಾ ಕೊಟ್ಟಾನ," ಅಂದ.

ಖೂಬಾ ಪ್ಲಾಟಿನ ಮನಿ

ಉಳಿದ ಎಣ್ಣಿ ಮಾಲಕಗ ಬಿಡೂದು ಅಂದ್ರ ನಮ್ಮಾಕಿಗೆ ಇಂಜೆಕ್ಷನ್ನಿಗಿಂತ ಜಾಸ್ತಿ ನೋವು. ದವಾಖಾನಿಯಿಂದ ಹೊರಗ ಬಂದು ಕುಂತ ಕೂಡ್ಲೆ ಮುಳ್ಳು ನೋಡಾಕಿ.

"ಇನ್ನೂ ಅಷ್ಟು ಅದಲ್ಲರೀ. ಸುಮ್ನ ಅವನ ಮನಿಗೆ ಯಾಕ ಒಯ್ದು ಸುರೂದು? ಒಂದು ಸುತ್ತು ತಿರುಗಸ್ರಿ."

ಮದವಿ ಆದಾಗಿಂದ ಅಕಿನ್ನ ಸುಮ್ ಸುಮ್ನ ಎಲ್ಲೂ ಕರಕೊಂಡು ಹೋದಾಂವ ಅಲ್ಲ ನಾ. ದೀಪಾವಳಿ ಬಂದ್ರ ಹೊಲಿಗಿ, ರಮಜಾನ್ ಬಂದ್ರ ಹೊಲಿಗಿ, ಮದವಿ ದಿನಮಾನ ಬಂದ್ರಂತೂ ಕೇಳಬ್ಯಾಡ್ರಿ. ಈಗ ಒಬ್ಬ ಜಿಪುಣನ ಕಾಯ್ದೆದಿಂದ ನಾವಿಬ್ಬರೂ ತಾಜಸುಲ್ತಾನಪುರದ ಹೊಲ ನೋಡಿದಿವಿ, ಕೆರಿ ದಂಡಿಗೆ ನಿಂತು ಗಾಳಿ ಕುಡದಿವಿ. ನಡಬರಕ ಅಕಿ "ನಿಲ್ಲಸ್ರಿ" ಅನ್ನಾಕಿ, ಇಳದು ವಾಂತಿ ಮಾಡ್ಕೊಂಡು, ಬಾಯಿ ತೊಳಕೊಂಡು, "ಹ್ಞಾ, ಈಗ ನಡೀರಿ," ಅನ್ನಾಕಿ.

ಅಕಿಗೆ ಭಾಳ ಸೇರಿದ್ದು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣಿ. ದೊಡ್ಡ ದೊಡ್ಡ ಮನಿ, ಅಂಗಳದಾಗ ಹೂವಿನ ಗಿಡ. ಒಂದು ಮನಿ ಮುಂದ ನಮ್ಮ ಗಾಡಿ ಸುತ್ತಿದ್ದನ್ನೇ ಸುತ್ತಾಕತ್ತದ್ದು ನೋಡಿ ಆ ಮನಿ ಅಮ್ಮಾರು ಗೇಟಿಗೆ ಬಂದ್ರು. "ಯಾರು ಬೇಕಾಗಿತ್ರಿ?"

ಮಾಲಕನ ಎಣ್ಣಿ ಸುಡಾಕತ್ತೀವಿ ಅಂತ ಹೆಂಗ ಹೇಳೂದು? ನಾ ತಡಬಡಿಸಾಕತ್ತಿದ್ದೆ. ನಮ್ಮಾಕಿ ಗಾಡಿ ಕಿಡಕಿ ಕಾಜು ಇಳಿಸಿ, "ಬಾಡಿಗಿ ಮನಿ ನೋಡಾಕತ್ತೀವ್ರಿ," ಅಂದುಬಿಟ್ಟಳು.

ದೈವ ನೋಡ್ರಿ, ಅವರ ಮ್ಯಾಲಿನ ಮನಿ ಖಾಲಿ ಇತ್ತು. ಪಾವಟಿಗಿ ಹತ್ತಾಕ ಆಗದಾಕಿನ್ನ ರೆಟ್ಟಿ ಹಿಡಿದು ಹತ್ತಿಸಿದೆ. ಅಡಿಗಿ ಮನಿ ನೋಡಿದಳು, ನಳ ತಿರುವಿ ನೋಡಿದಳು. ನನ್ನ ಹೊಲಿಗಿ ಮಷಿನ್ ಎಲ್ಲಿ ಇಡೂದು ಅಂತ ಕಿಡಕಿ ಬಾಜೂಕ ಜಾಗಾನೂ ತೋರಿಸಿದಳು. ಅಮ್ಮಾರು ಚಾ ಕೊಟ್ರು. ಬಾಡಿಗಿ ಕೇಳಿ ನಮ್ಮಾಕಿ, "ಭಾಳ ಆತ್ರಿ, ಜರಾ ಕಮ್ಮಿ ಮಾಡ್ರಿ," ಅಂತ ಕುಂತಳು. ಅಮ್ಮಾರು ಒಂದು ಮೆಟ್ಟು ಇಳಿದ್ರು, ಇವಳು ಇನ್ನೊಂದು ಇಳಿಸಿದಳು. ಕಡೀಕ ಅಮ್ಮಾರೇ ಸೋತು, "ಆತು ತಗೋರಿ, ಯಾವಾಗ ಬರ್ತೀರಿ?" ಅಂದ್ರು.

"ಮುಂದಿನ ವರ್ಷ ಬರ್ತೀವ್ರಿ," ಅಂದಳು.

ನಾ ಚಾದ ಕಪ್ಪಿನಾಗ ಮಾರಿ ಇಟ್ಟೆ. ಗಾಡ್ಯಾಗ ಬಂದು ಕುಂತ ಮ್ಯಾಲ, "ಹಿಂಗ ಸುಳ್ಳು ಹೇಳ್ತಾರೇನು?" ಅಂತ ಸಿಟ್ಟು ಮಾಡಿದೆ. ಅಕಿ ಮುಳ್ಳು ನೋಡಿ, "ಅಷ್ಟೊತ್ತು ಗಾಡಿ ನಿಂತೇ ಇತ್ತಲ್ಲರೀ, ಎಣ್ಣಿ ಹಂಗೇ ಉಳೀತು. ಇನ್ನೊಂದು ಮನಿ ನೋಡೂಣು," ಅಂದಳು.

ನಮ್ಮಾಕಿ ಡ್ರೈವರ್ ಆದದ್ದು

ಅಳತಿ ನನ್ನ ಕಸಬು, ಆದ್ರ ಬಟ್ಟಿ ಅಳತಿ ಬ್ಯಾರೆ, ಎಣ್ಣಿ ಅಳತಿ ಬ್ಯಾರೆ. ಒಂದು ದಿನ ಒಂದು ಸುತ್ತು ಹೆಚ್ಚಾಗಿ, ಮಾಲಕನ ಓಣಿಗೆ ಬಂದು ಗಾಡಿ ಉಸಿರು ಬಿಟ್ಟಿತು. ನಾ ಇಳಿದು ದೂಡಬೇಕು. ಸ್ಟೇರಿಂಗ್ ಯಾರು ಹಿಡೀಬೇಕು?

ಸೈಕಲ್ಲೂ ಹೊಡೀದಾಕಿ ನನ್ನ ಸೀಟಿಗೆ ಜರುಗಿ ಕುಂತಳು. ನಾ ಹಿಂದಿನಿಂದ ದೂಡಾಕತ್ತೀನಿ, ಅಕಿ ಬರೋ ಹೋಗೋರಿಗೆಲ್ಲ ಹಾರ್ನ್ ಹೊಡ್ಯಾಕತ್ತಾಳ. ಓಣಿ ಹೆಣ್ಣಮಕ್ಕಳು ಬಾಗಲಿಗೆ ಬಂದು ನಿಂತ್ರು. ಕೂದಲೆಲ್ಲ ಉದುರಿದ್ದು ಕಾಣಬಾರದು ಅಂತ ಮಂದಿ ಮುಂದ ಬರಾಕೇ ಒಲ್ಲೆ ಅಂತಿದ್ದಾಕಿ ಅವತ್ತ ಸೆರಗು ಜಾರಿದ್ದೂ ನೋಡಲಿಲ್ಲ.

ಮಾಲಕ ಓಡಿ ಬಂದು, "ಇದು ಪೂರಾ ಖಾಲಿ ಅದಲ್ಲ, ದಂಡ ಆಗ್ತದ ವೈನಿ," ಅಂದ.

"ಹಾಕ್ರಿ ಅಣ್ಣಾರ. ಡ್ರೈವರ್ ನಾ ಇದ್ದೆ, ನನ್ನ ಹೆಸರಲೆ ಹಾಕ್ರಿ," ಅಂದಳು.

ಫುಲ್ ಟಾಕಿ

ಆಮ್ಯಾಲ ಒಂದು ದಿನ ಡಾಕ್ಟರು ನನ್ನ ಒಬ್ಬನ್ನೇ ಒಳಗ ಕರೆದ್ರು. "ಇನ್ನ ಇಂಜೆಕ್ಷನ್ ಬ್ಯಾಡ ಮಾಸ್ತರ. ಅವು ಕೆಲಸ ಮಾಡಾಕತ್ತಿಲ್ಲ. ಮನ್ಯಾಗ ಇರಲಿ, ಏನು ಬೇಡ್ತಾರ ಅದು ಮಾಡಿ ಹಾಕ್ರಿ," ಅಂದ್ರು. ಹೊರಗ ಬಂದೆ. ಏನು ಹೇಳಬೇಕಂತ ಬಾಯಿಪಾಠ ಮಾಡ್ಕೊಂಡೇ ಬಂದಿದ್ದೆ, ಅಕಿ ನನ್ನ ಮಾರಿ ನೋಡಿ, "ಹೋಗೂಣು ನಡೀರಿ," ಅಂದಳು. ಅಷ್ಟೇ.

ದಾರ್ಯಾಗ ಬಂಕು ಬಂತು. ಊರು ಮುಟ್ಟೂವಷ್ಟು ಹಾಕಿಸ್ಬೇಕು. ಬಂಕಿನಾಂವ, "ಎಷ್ಟು ಹಾಕ್ಲಿ?" ಅಂದ. ನಾ ಬಾಯಿ ತೆರಿಯೂಕ ಮೊದಲ ಅಕಿ ಈ ಕಡೆ ಬಗ್ಗಿ, "ಟಾಕಿ ಫುಲ್ ಮಾಡಪ್ಪಾ," ಅಂದಳು.

"ಹುಚ್ಚಿದ್ದೀ ಏನು? ಉಳಿದದ್ದೆಲ್ಲ ಅವನ ಪಾಲಾಗ್ತದ."

"ಆಗಲಿ ಬಿಡ್ರಿ. ಮುಗೀತು, ಮುಗೀತು ಅಂತ ಮುಳ್ಳು ನೋಡೂದು ಸಾಕಾಗ್ಯದ ನಂಗ. ಇವತ್ತೊಂದಿನ ತುಂಬಿದ್ದು ನೋಡಕೋತ ಹೋಗ್ತೀನಿ."

ಕಮಲಾಪುರ ತನಕ ಅಕಿ ಹಂಗೇ ನೋಡಕೋತ ಬಂದಳು. ನಂಗ ರಸ್ತಾ ಮಬ್ಬು ಮಬ್ಬು ಕಾಣಾಕತ್ತಿತ್ತು. ಊರ ಹತ್ರ ಬಂದ್ರೂ ಮುಳ್ಳು ಮ್ಯಾಲೇ ಇತ್ತು.

ಮಾಲಕ ಗಾಡಿ ಬಾಗಲ ತೆಗೆದು ಒಳಗ ಬಗ್ಗಿ ನೋಡಿದ. ಬೆರಳಿಲೆ ಮುಳ್ಳಿನ ಮ್ಯಾಲಿನ ಕಾಜು ಬಡಿದ. ಮುಳ್ಳು ಕದಲಲಿಲ್ಲ. ಮಾರಿ ಬಿಳಚಿತು.

"ಮಾಸ್ತರ, ಎಲ್ಲಿ ಗುದ್ದೀರಿ?"

"ಎಲ್ಲೂ ಇಲ್ಲ."

"ಗುದ್ದಲಾರದೆ ಯಾರೂ ಫುಲ್ ಟಾಕಿ ತರಂಗಿಲ್ಲ. ಇಷ್ಟು ವರ್ಷ ಧಂದಾ ಮಾಡೀನಿ ನಾ." ಸುತ್ತ ತಿರುಗಿದ. ದೀಪ ಮುಟ್ಟಿ ನೋಡಿದ, ಬಾನೆಟ್ ಎತ್ತಿದ, ನೆಲಕ್ಕ ಮಕ್ಕೊಂಡು ಕೆಳಗ ಇಣಿಕಿದ. ಏನೂ ಸಿಗಲಿಲ್ಲ. ಅಂಗಿ ಮಣ್ಣು ಝಾಡಿಸ್ಕೋತ ಎದ್ದು ಬಂದು ನನ್ನ ಭುಜದ ಮ್ಯಾಲ ಕೈ ಇಟ್ಟ. "ಖರೇ ಹೇಳ್ರಿ, ಸಿಟ್ಟಾಗಂಗಿಲ್ಲ ನಾ. ಏನಾಗ್ಯದ?"

ಗಾಡ್ಯಾಗ ಕುಂತಾಕಿನೇ ಹೇಳಿದಳು, "ಗಾಡಿಗೆ ಏನೂ ಆಗಿಲ್ಲ ಅಣ್ಣಾರ. ಆಗಿದ್ದು ನಂಗ. ಇನ್ನ ದವಾಖಾನಿಗೆ ಬರೂದು ಬ್ಯಾಡ ಅಂದಾರ."

ಮಾಲಕ ಹೆಗಲ ಮ್ಯಾಲಿನ ಟಾವೆಲ್ ತೊಗೊಂಡು ಮಾರಿ ಒರಸ್ಕೊಂಡ. ಭಾಳ ಸಣ್ಣ ದನಿಲೆ ಕೇಳಿದ, "ಅಂದ್ರ ಗಾಡಿಗೆ ಖರೇನೇ ಏನೂ ಆಗಿಲ್ಲ ವೈನಿ?"

ನಮ್ಮಾಕಿ ನಗಾಕ ಸುರು ಮಾಡಿದಳು. ಕೆಮ್ಮು ಬಂತು, ಆದ್ರೂ ನಗು ನಿಲ್ಲಲಿಲ್ಲ. ನಾನೂ ನಕ್ಕೆ, ನಕ್ಕೋತ ನಕ್ಕೋತ ಅಲ್ಲೇ ಓಣ್ಯಾಗ ನಿಂತು ಅತ್ತುಬಿಟ್ಟೆ. ಮಾಲಕ ನಮ್ಮ ಕಡೆ ನೋಡಲಿಲ್ಲ. ಅವ ಹಿಂದಿನ ಬಂಪರ್ ಹತ್ರ ಕುಕ್ಕರಗಾಲಿಲೆ ಕುಂತು, ಕಣ್ಣು ಒರಸ್ಕೋತ, ಗೀರು ಹುಡುಕಾಕತ್ತಿದ್ದ.