ಹೆಣ್ಣಿನ ರೂಮಿನ ಬೋರ್ಡು

ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುವ ಕೆಟ್ಟ ಚಾಳಿ ನನ್ನದು. ನಾಮಕರಣಕ್ಕೆ ಹೋದರೆ ತೊಟ್ಟಿಲು ಬಿಟ್ಟು ಅದರ ಹಿಂದಿನ ಸ್ವಿಚ್ಚನ್ನು ನೋಡುತ್ತೇನೆ. "ಮಗು ಯಾರ ಹಾಗಿದೆ?" ಎಂದು ಕೇಳಿದರೆ ಉತ್ತರ ತೋಚುವುದಿಲ್ಲ, ಪ್ಲಗ್ಗು ಸಡಿಲವಾಗಿದೆ ಎಂಬುದು ಮಾತ್ರ ಗೊತ್ತಿರುತ್ತದೆ. ತಪ್ಪು ನನ್ನದಲ್ಲ, ಹೊಟ್ಟೆಪಾಡಿನದು. ಬಂಗಾರಪೇಟೆಯ ಒಬ್ಬ ವಿದ್ಯುತ್ ಗುತ್ತಿಗೆದಾರರ ಬಳಿ ನನಗೆ ಕೆಲಸ. ಆಸ್ಪತ್ರೆ, ಶಾಲೆ, ಕಲ್ಯಾಣ ಮಂಟಪದಂಥ ದೊಡ್ಡ ಕಟ್ಟಡಗಳ ವೈರಿಂಗ್ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಪ್ರಮಾಣಪತ್ರ ಬರೆದುಕೊಡಬೇಕು. ಮನೆಗಾದರೆ ರೂಮುಗಳಿಗೆ ಕರೆಂಟು ಹಂಚುವ ಬೋರ್ಡು ಒಂದೇ. ದೊಡ್ಡ ಕಟ್ಟಡಕ್ಕೆ ಮಹಡಿಗೊಂದು, ಅಡುಗೆಮನೆಗೊಂದು, ಲಿಫ್ಟಿಗೊಂದು. ಒಂದೊಂದಕ್ಕೂ ಪ್ರಮಾಣಪತ್ರದಲ್ಲಿ ಬೇರೆ ಹಾಳೆ. ಅವುಗಳಲ್ಲಿ ಒಂದಾದರೂ ಎಲ್ಲೋ ಅಡಗಿ ಕೂತಿರುತ್ತದೆ. ಅದನ್ನು ನೋಡದೆ ಸಹಿ ಹಾಕುವುದೆಂದರೆ, ಹುಡುಗಿಯ ಅಪ್ಪ, ಅಮ್ಮ, ಸೋದರಮಾವನನ್ನೆಲ್ಲ ಮಾತಾಡಿಸಿ, ಹುಡುಗಿಯನ್ನು ಮಾತ್ರ ನೋಡದೆ ಒಪ್ಪಿಗೆ ಹೇಳಿ ಬಂದ ಹಾಗೆ.

ಉರಿಗಾಂ ಕಡೆಯ ಒಂದು ಮಂಟಪಕ್ಕೆ ಹೋಗಿದ್ದೆ. ಮದುವೆ ಕಾಲದಲ್ಲಿ ಮಂಟಪ ಖಾಲಿ ಸಿಗುವುದೇ ಇಲ್ಲವೆಂದು ಮಾಲೀಕ ಮುನಿರಾಜಪ್ಪನವರು ಒಂದು ಆರತಕ್ಷತೆಯ ದಿನ ಮಧ್ಯಾಹ್ನವೇ ಕರೆಸಿದ್ದರು. ಅಡುಗೆಯವರಿಗೆ ತಮಿಳಿನಲ್ಲಿ ಗದರುತ್ತಾ, ಹೂವಿನವರಿಗೆ ತೆಲುಗಿನಲ್ಲಿ ರೇಗುತ್ತಾ, ನನಗೆ ಕನ್ನಡದಲ್ಲಿ ಅವಸರ ಮಾಡುತ್ತಾ ಅವರು ಹಿಂದೆಯೇ ಸುತ್ತಿದರು. ಎಲ್ಲ ಮುಗಿದು ಒಂದು ಬೋರ್ಡು ಉಳಿಯಿತು. ಅದು ಹೆಣ್ಣಿನ ರೂಮಿನೊಳಗಿತ್ತು.

"ಅದನ್ನ ಇಂದೆ ಬಂದೋರ್ಯಾರೂ ನೋಡ್ಲಿಲ್ಲ ಮೇಡಂ. ಯಾವಾಗ ನೋಡಿದ್ರೂ ಒಳ್ಗೆ ಎಂಗಸ್ರು ಸೀರೆ ಉಡ್ತಿರ್ತಾರೆ. ಗಂಡಸ್ರು ಎಂಗೆ ಓಗ್ತಾರೆ? ಪಕ್ಕದ್ದು ಸರಿಯಾಗೈತಲ್ಲ, ಇದೂ ಅಂಗೇ ಅಂತ ಬರ್ಕೊಂಬಿಡಿ."

"ನಾನು ಹೆಂಗಸೇ ಅಲ್ಲವೇ ಸಾರ್?" ಎಂದೆ. ನನ್ನ ಹೆಲ್ಮೆಟ್ಟು, ಬೂಟುಗಳ ನಡುವೆ ಆ ಸಂಗತಿ ಅವರಿಗೆ ಮರೆತೇಹೋಗಿತ್ತು.

ಒಳಗೆ ಮದುಮಗಳು ರೂಪಾ ಕುರ್ಚಿಯಲ್ಲಿ ಕೂತಿದ್ದಳು. ಬೆಂಗಳೂರಿನಿಂದ ರೈಲಿನಲ್ಲಿ ಬಂದಿದ್ದ ಬ್ಯೂಟಿಷಿಯನ್ ಕರೆಂಟಿನ ಕಡ್ಡಿಗೆ ಅವಳ ಕೂದಲು ಸುತ್ತಿ ಸುರುಳಿ ಮಾಡುತ್ತಿದ್ದಳು. ಬಲಗಡೆ ಮುಗಿದಿತ್ತು, ಎಡಗಡೆ ಇನ್ನೂ ನೆಟ್ಟಗಿತ್ತು. ಒಡವೆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅಜ್ಜಿ ಕಾವಲಿದ್ದರು. ಬೋರ್ಡು ಕಾಣಲಿಲ್ಲ, ಅದರ ಮೇಲೆ ರೇಷ್ಮೆ ಸೀರೆಗಳು ಸಾಲಾಗಿ ನೇತಾಡುತ್ತಿದ್ದವು. ಅವನ್ನು ಸರಿಸಿ ಮುಚ್ಚಳಕ್ಕೆ ಕೈಬೆನ್ನು ತಾಗಿಸಿದೆ. ದೋಸೆ ಹೆಂಚಿನ ಹಾಗೆ ಕಾದಿತ್ತು. ಕೆಳಗೆ ಚಾಪೆಯ ಮೇಲೆ ಯಾರದೋ ಮಗು ನಿದ್ದೆ ಹೋಗಿತ್ತು. ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು.

"ಮಗೂನ ಎತ್ಕೊಳ್ಳಿ, ಕರೆಂಟ್ ತೆಗೀತೀನಿ," ಎಂದವಳೇ ಓಡಿಹೋಗಿ ಮುಖ್ಯ ಪ್ಯಾನೆಲ್ಲಿನಲ್ಲಿ ಆ ರೂಮಿನ ಸ್ವಿಚ್ಚು ಕೆಳಗೆ ಮಾಡಿದೆ. ವಾಪಸ್ಸು ಬರುವಷ್ಟರಲ್ಲಿ ಫ್ಯಾನು ನಿಂತಿತ್ತು, ರೂಪಾ ಅಳುತ್ತಿದ್ದಳು.

"ಅಯ್ಯೋ ದೇವುಡಾ! ಅರ್ಧ ತಲೇಲಿ ಎಂಗಮ್ಮಾ ಸ್ಟೇಜ್ ಅತ್ತುತಾಳೆ ನಮ್ಮುಡುಗಿ?" ಎಂದು ಅಜ್ಜಿ ಮಗುವನ್ನು ಎತ್ತಿಕೊಂಡು ಎದ್ದುನಿಂತರು.

ನಾನು ಮುಚ್ಚಳ ಬಿಚ್ಚಿ ತೋರಿಸಿದೆ. ಸಡಿಲಗೊಂಡ ಒಂದು ವೈರು ಸುಟ್ಟು, ಸುತ್ತಲಿನ ಪ್ಲಾಸ್ಟಿಕ್ಕು ಕರಗಿ ಕಪ್ಪಾಗಿತ್ತು. ಮಲ್ಲಿಗೆ, ಸೆಂಟಿನ ಘಮದಲ್ಲಿ ಯಾರಿಗೂ ವಾಸನೆ ಹತ್ತಿರಲಿಲ್ಲ. ಅಜ್ಜಿ ಬೋರ್ಡು ನೋಡಿದರು, ಸೀರೆಗಳನ್ನು ನೋಡಿದರು, ಮಗುವನ್ನು ಎದೆಗೆ ಒತ್ತಿಕೊಂಡರು.

ಆಮೇಲೆ ಮತ್ತೆ ಕೂದಲಿನ ಚಿಂತೆ. ಹೊಸ ಬೋರ್ಡು ಬಂಗಾರಪೇಟೆಯಿಂದ ಬರಬೇಕು. ಅಲ್ಲಿಯತನಕ ಈ ರೂಮಿಗೆ ಕರೆಂಟು ಕೊಡುವುದಿಲ್ಲ ಎಂದೆ. ಎದುರು ರೂಮಿಗೆ ಹೋಗೋಣವೆಂದರೆ ಅದು ಗಂಡಿನ ಕಡೆಯವರದು. ಊಟದ ಹಾಲಿನಲ್ಲಿ ಸಾಂಬಾರಿನ ಹಬೆ. "ಕರೆಂಟಿಲ್ದೆ ನನ್ ಕೈಲಾಗಲ್ಲ," ಎಂದು ಬ್ಯೂಟಿಷಿಯನ್ ತಣ್ಣಗಾದ ಕಡ್ಡಿಯನ್ನು ಚೀಲಕ್ಕೆ ಹಾಕಿದಳು.

ಅಜ್ಜಿ ನನ್ನತ್ತ ತಿರುಗಿದರು. "ಕರೆಂಟ್ ತೆಗ್ದೋಳು ನೀನೇ ತಾನೆ? ಜಡೆನೂ ನೀನೇ ಆಕು ಬಾಮ್ಮಾ."

ಮಗಳಿಗೆ ದಿನಾ ಸ್ಕೂಲಿಗೆ ಜಡೆ ಹಾಕುವ ಕೈ ನನ್ನದು. ಹೆಲ್ಮೆಟ್ಟು ತೆಗೆದಿಟ್ಟು, ಕೈ ತೊಳೆದು, ಕಿಟಕಿಯ ಬೆಳಕಿಗೆ ರೂಪಾಳನ್ನು ಕೂರಿಸಿದೆ. ಸುರುಳಿಯನ್ನೂ ನೆಟ್ಟಗಿನದನ್ನೂ ಸೇರಿಸಿ ಬಿಗಿಯಾಗಿ ಹೆಣೆದು, ಉದ್ದಕ್ಕೂ ಮಲ್ಲಿಗೆ ಸುತ್ತಿದೆ. ಅವಳು ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು, ಕಣ್ಣೊರೆಸಿಕೊಂಡು, "ಅಜ್ಜೀ, ನಿನ್ ಮದ್ವೆ ಫೋಟೋದಲ್ಲಿ ಇರೋ ತರಾನೇ ಐತಲ್ವಾ?" ಎಂದಳು. ಅಜ್ಜಿ ಅವಳಿಗೆ ದೃಷ್ಟಿ ತೆಗೆದರು.

ಸಂಜೆಯೊಳಗೆ ಹೊಸ ಬೋರ್ಡು ಬಂತು, ಕೂಡಿಸಿದೆ, ಪರೀಕ್ಷಿಸಿದೆ, ಕೊನೆಯ ಹಾಳೆಯನ್ನೂ ತುಂಬಿ ಸಹಿ ಹಾಕಿದೆ. ಒಂದು ದುರಂತ ತಪ್ಪಿಸಿದ ಹೆಮ್ಮೆಯಲ್ಲಿ ಹೋಳಿಗೆ ಎರಡು ಜಾಸ್ತಿಯೇ ತಿಂದೆ. ಇನ್ನು ಈ ಸುತ್ತಿನ ಮಂಟಪಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ ಎಂದುಕೊಂಡೆ.

ಕೆಲವು ದಿನಗಳ ಮೇಲೆ ಕಾಮಸಮುದ್ರದಿಂದ ಒಂದು ಹೆಂಗಸಿನ ಫೋನು ಬಂತು. "ಉರಿಗಾಂ ಮದ್ವೇಲಿ ಒಳ್ಳೆ ಎಸ್ರು ತಗೊಂಡ ಮೇಡಂ ನೀವೇನಾ?" ನಾನು ಬೀಗುತ್ತಾ, "ಹೌದು, ಹೇಳಿ, ಎಷ್ಟು ಬೋರ್ಡುಗಳಿವೆ?" ಎಂದೆ.

"ಬೋರ್ಡಾ? ಅಂಗಲ್ಲ ಮೇಡಂ, ನಮ್ ಮಗಳ ನಿಶ್ಚಿತಾರ್ಥ ಐತೆ. ಜಡೆ ಆಕೋಕೆ ಬತ್ತೀರಾ?"

ಈ ಕಸುಬಿಗೆ ಬಂದ ಮೇಲೆ ನನ್ನ ಕೆಲಸ ಮೆಚ್ಚಿ ಒಬ್ಬರು ತಾವಾಗಿಯೇ ಫೋನು ಮಾಡಿದ್ದು ಅದೇ ಮೊದಲು. ಬಿಡಲು ಮನಸ್ಸಾಗಲಿಲ್ಲ. ಯಾವ ದಿನ ಎಂದು ಕೇಳಿದೆ.