ಅಣ್ಣನ ಸಿಆರ್‌ಪಿ ಏರಿದ ಸಂಭ್ರಮ

ಏರಿದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು ಎನ್ನುವ ಒಂದೇ ತಿಳಿವಳಿಕೆಯಲ್ಲಿ ನಮ್ಮ ಮನೆತನ ಬೆಳೆದುಬಂದಿದೆ. ಮಕ್ಕಳ ಅಂಕ ಏರಬೇಕು, ಕೊಳವೆಬಾವಿಯ ನೀರು ಏರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಹಾಲಿನ ಫ್ಯಾಟು ಏರಬೇಕು. ನನ್ನ ಅಣ್ಣ ಶಿವಣ್ಣ ಶಾಂತಿಗ್ರಾಮದ ಬಳಿಯ ನಮ್ಮೂರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಬೆಳಿಗ್ಗೆ ಸಂಜೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಇವನು ಒಂದಿಷ್ಟು ಹಾಲನ್ನು ಯಂತ್ರಕ್ಕೆ ಹಿಡಿದು, ಬಂದ ಫ್ಯಾಟಿನ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ. ಹೆಚ್ಚು ಬಂದವರು ಸುತ್ತ ಒಮ್ಮೆ ನೋಡಿ, ನಿಧಾನವಾಗಿ ನಡೆದುಹೋಗುತ್ತಾರೆ. ಕಡಿಮೆ ಬಂದವರು ಹಸುವನ್ನು ಬೈಯುತ್ತಾ ಬೇಗ ಹೋಗುತ್ತಾರೆ. ನಾನು ಹಾಸನದಲ್ಲಿ ಒಂದು ಕಾಲೇಜಿನ ಕಚೇರಿ ಗುಮಾಸ್ತ. ಓದಿದವನು ಎಂದು ಊರಿನಲ್ಲಿ ಹೆಸರಿದೆ. ಆ ಹೆಸರು ಏನಾಯಿತು ಎನ್ನುವುದನ್ನು ನಡೆದದ್ದು ನಡೆದ ಹಾಗೆಯೇ ಹೇಳುತ್ತೇನೆ.

ಅಣ್ಣನಿಗೆ ಹೊಟ್ಟೆಯ ಎಡಗಡೆ, ಕೆಳಗೆ ನೋವು ಬಂತು. ನಮ್ಮ ಮನೆಯಲ್ಲಿ ಹೊಟ್ಟೆನೋವು ಎಂದರೆ ಗ್ಯಾಸು, ಬೇರೆ ಕಾಯಿಲೆಗೆ ಅಲ್ಲಿ ಜಾಗವಿಲ್ಲ. ಜೀರಿಗೆ ಕಷಾಯ ಕುಡಿದ, ಸೋಡಾ ಕುಡಿದ, ಆಮೇಲೆ ಕ್ಯಾನುಗಳ ಪಕ್ಕದಲ್ಲೇ ಮುದುರಿ ಕುಳಿತ. ಜ್ವರವೂ ಕಾಣಿಸಿದ ಮೇಲೆ ಅತ್ತಿಗೆ ಅವನನ್ನು ಹಾಸನದ ಆಸ್ಪತ್ರೆಗೆ ಕರೆತಂದರು. ವಯಸ್ಸಿನಲ್ಲಿ ಚಿಕ್ಕವರಾದ, ಮಾತಿನಲ್ಲಿ ಅವಸರವಿಲ್ಲದ ಒಬ್ಬ ಸರ್ಜನ್ ನೋಡಿದರು. "ಇದಕ್ಕೆ ಡೈವರ್ಟಿಕ್ಯುಲೈಟಿಸ್ ಅಂತಾರೆ. ಸೈಕಲ್ ಟ್ಯೂಬು ಸವೆದ ಕಡೆ ಉಬ್ಬುತ್ತಲ್ಲ, ಹಾಗೆ ದೊಡ್ಡ ಕರುಳಿನಲ್ಲಿ ಸಣ್ಣ ಸಣ್ಣ ಚೀಲ ಆಗಿರುತ್ತೆ. ಅದರಲ್ಲೊಂದು ಊದಿಕೊಂಡಿದೆ. ಸುಮಾರು ಜನಕ್ಕೆ ಔಷಧಿಯಲ್ಲೇ ವಾಸಿಯಾಗುತ್ತೆ. ಕೆಲವರಿಗೆ ಕೀವು ಕಟ್ಟುತ್ತೆ, ಒಡೆದರೆ ಆಪರೇಷನ್," ಎಂದರು. ಅಣ್ಣ ಯಾವ ಗುಂಪಿನವನು ಎಂದು ತಿಳಿಯಲು ರಕ್ತ ನೋಡುತ್ತೇವೆ, ಬಿಳಿ ರಕ್ತಕಣ, ಸಿಆರ್‌ಪಿ ಎನ್ನುವ ಇನ್ನೊಂದು ಅಂಶ, ಅದರಲ್ಲೂ ಸಿಆರ್‌ಪಿ ಮುಖ್ಯ ಎಂದರು. ಮೊದಲ ಸಲ ಅದು ಸಾಧಾರಣವಾಗಿಯೇ ಬಂತು. "ನೋವು ಈಗಷ್ಟೇ ಶುರುವಾಗಿದೆ, ಈ ಅಂಕಿ ಸ್ವಲ್ಪ ತಡವಾಗಿ ಏರುತ್ತೆ. ನಾಳೆ ಮತ್ತೆ ನೋಡೋಣ, ಅದು ಏರಿದ್ದರೆ ಸಿಟಿ ಸ್ಕ್ಯಾನ್ ಮಾಡಲೇಬೇಕು," ಎಂದು ಡಾಕ್ಟರು ನನಗೆ ಹೇಳಿ ಹೋದರು. ಅತ್ತಿಗೆ ಆಗ ಬಿಸಿನೀರು ತರಲು ಹೋಗಿದ್ದರು. ಬಂದವರು, "ಎಷ್ಟು ಬಂತು ಮಲ್ಲೇಶ?" ಎಂದರು. ಹೇಳಿದೆ. "ಅಷ್ಟೇನಾ?" ಎಂದು ಬಿಸಿನೀರನ್ನು ಲೋಟಕ್ಕೆ ಬಗ್ಗಿಸಿದರು. ಅದು ಸಮಾಧಾನದ 'ಅಷ್ಟೇನಾ' ಎಂದುಕೊಂಡು ನಾನು ಕಾಫಿ ಕುಡಿದು ಬಂದೆ.

ಮರುದಿನ ಬೆಳಿಗ್ಗೆ ಲ್ಯಾಬಿನ ಕಿಟಕಿಯಲ್ಲಿ ವರದಿ ಕೊಟ್ಟರು. ಒಳಗಿನ ಊತಕ್ಕೆ ತಕ್ಕಂತೆ ಏರುವ, ಹತ್ತರೊಳಗೆ ಇರಬೇಕಾದ ಅಂಕಿ ನೂರೆಪ್ಪತ್ತು ದಾಟಿತ್ತು. ನಾನು ಅಲ್ಲಿಯೇ ಬೆಂಚಿನ ಮೇಲೆ ಕುಳಿತೆ. ಕಾಲೇಜಿನಲ್ಲಿ ಎಷ್ಟೋ ಹುಡುಗರ ಫಲಿತಾಂಶವನ್ನು ಅವರಿಗಿಂತ ಮೊದಲು ನೋಡಿ, ಏನೂ ಆಗದವನಂತೆ ಫಲಕಕ್ಕೆ ಅಂಟಿಸಿದವನು ನಾನು. ಆ ಕಾಗದವನ್ನು ಮಾತ್ರ ಮಡಚಲೂ ಆಗಲಿಲ್ಲ. ಅತ್ತಿಗೆ ಎದುರಿಗೆ ಬಂದು ನಿಂತರು.

"ಏನಾಯ್ತು? ಏರಿತಾ?"

"ಏರಿದೆ ಅತ್ತಿಗೆ. ನೂರೆಪ್ಪತ್ತರ ಮೇಲೆ."

"ಸದ್ಯ!" ಎಂದು ಅವರು ಛಾವಣಿಯ ಕಡೆ ಕೈ ಮುಗಿದರು. "ನೆನ್ನೆ ಅದೇನೋ ಒಂದೀಟು ಬಂದಿದ್ದು ನೋಡಿ ನಂಗೆ ಊಟವೇ ಸೇರಿರ್ನಿಲ್ಲ ಕಣಪ್ಪಾ. ಮೈಯಾಗಿನ ಸತ್ವವೆಲ್ಲಾ ಓಗ್ಬುಟ್ಟದೆ ಅಂದ್ಕಂಡಿದ್ದೆ."

ಅವರ ಮುಖದಲ್ಲಿ ಅಂಥ ಬೆಳಕು ಬಂದಿತ್ತು. ಡಾಕ್ಟರೇ ಹೇಳಲಿ, ಸ್ಕ್ಯಾನ್ ಆಗಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಒಂದೊಂದಾಗಿ ಕಾರಣ ಕೊಟ್ಟುಕೊಂಡೆ. ಅಷ್ಟರಲ್ಲಿ ಅತ್ತಿಗೆ ಊರಿಗೆ ಫೋನು ಮಾಡಿಯೂ ಆಗಿತ್ತು. ಅಣ್ಣನನ್ನು ಸ್ಕ್ಯಾನಿಗೆ ಕರೆದೊಯ್ದಾಗ ನನ್ನ ಫೋನು ಬಡಿದುಕೊಳ್ಳತೊಡಗಿತು. ಮೊದಲು ಮಾತನಾಡಿದವನು ಪಕ್ಕದ ಮನೆಯ ಪುಟ್ಟಸ್ವಾಮಿ. ಅವನ ಎಮ್ಮೆಯ ಫ್ಯಾಟಿನ ವಿಷಯದಲ್ಲಿ ಅಣ್ಣನಿಗೂ ಅವನಿಗೂ ದಿನವೂ ಜಗಳ.

"ಏನ್ಲಾ ಮಲ್ಲೇಶ, ನೂರೆಪ್ಪತ್ತಂತೆ! ನಮ್ಮೂರ್ ಡೈರೀಲಿ ಯಾವ್ ಎಮ್ಮೇನೂ ಅಷ್ಟು ಕೊಟ್ಟಿಲ್ಲ ಕಣ್ಲಾ. ಶಿವಣ್ಣಂದು ಗಟ್ಟಿ ಜೀವ. ನಮ್ದುಕ್ಕೆ ಮಾತ್ರ ಕಮ್ಮಿ ಕಮ್ಮಿ ಅಂತಾನೆ."

"ಹೂಂ," ಎಂದೆ. ಇದಕ್ಕಿಂತ ಹೇಡಿತನದ ಅಕ್ಷರ ಕನ್ನಡದಲ್ಲಿ ಇರಲಾರದು.

ನಾನು ವಾರ್ಡಿಗೆ ಮರಳಿದಾಗ ಅತ್ತಿಗೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ಡಾಕ್ಟರು ಎದುರಿಗೆ ನಿಂತಿದ್ದರು. ಸ್ಕ್ಯಾನಿನಲ್ಲಿ ಕರುಳಿನ ಪಕ್ಕ ಕೀವು ಕಂಡಿದೆ, ಇವತ್ತೇ ಹೊರಗಿನಿಂದ ಒಂದು ಸಣ್ಣ ನಳಿಕೆ ಇಳಿಸಿ ಅದನ್ನು ತೆಗೆಯಬೇಕು, ತಡಮಾಡಿದರೆ ಒಡೆದು ಹೊಟ್ಟೆಯೆಲ್ಲ ಹರಡಬಹುದು ಎಂದು ಅವರು ಹೇಳಿದ್ದಾಗಿತ್ತು. ಒಪ್ಪಿಗೆಗೆ ಅತ್ತಿಗೆ ಸಹಿ ಹಾಕಬೇಕಿತ್ತು.

"ಚೆನ್ನಾಗಿ ಏರ್ಯದೆ ಅಂತ ನಿಮ್ ಚೀಟೀನೇ ಏಳ್ತದಲ್ಲಾ ಡಾಕ್ಟ್ರೇ. ಉಸಾರಾಗ್ತಿರೋರಿಗೆ ಯಾಕೆ ತೂತು ಕೊರೀತೀರಿ? ನಾವು ಊರಿಗೋಗ್ತೀವಿ," ಎನ್ನುತ್ತಿದ್ದರು ಅತ್ತಿಗೆ. ಡಾಕ್ಟರು ಅರ್ಥವಾಗದೆ ನನ್ನ ಕಡೆ ನೋಡಿದರು. ಮಂಚದ ಮೇಲೆ ಅಣ್ಣ ಮೊಣಕಾಲು ಮಡಚಿಕೊಂಡು, ಉಸಿರನ್ನು ಲೆಕ್ಕವಿಟ್ಟು ಬಿಡುವವನಂತೆ ಬಿಡುತ್ತಿದ್ದ. ಇನ್ನು ತಪ್ಪಿಸಿಕೊಳ್ಳಲು ಬಾಗಿಲಿರಲಿಲ್ಲ.

"ಅತ್ತಿಗೆ, ಇದು ಹಾಲಿನ ಫ್ಯಾಟಿನಂಗಲ್ಲ," ಎಂದೆ. "ಇದು ಜ್ವರ ಇದ್ದಂಗೆ. ಏರಿದಷ್ಟೂ ಒಳಗೆ ಕೆಟ್ಟಿದೆ ಅಂತ."

ಅವರ ಕೈಯಲ್ಲಿದ್ದ ಪಂಚೆ ಅರ್ಧ ಚೀಲದೊಳಗೆ, ಅರ್ಧ ಹೊರಗೆ ಉಳಿಯಿತು. "ಗೊತ್ತಿದ್ದೂ ಬೆಳಿಗ್ಗೆಯಿಂದ ಸುಮ್ಕಿದ್ಯಾ?" ಎಂದರು. ಉತ್ತರಕ್ಕೆ ಕಾಯದೆ ಡಾಕ್ಟರ ಕೈಯಿಂದ ಪೆನ್ನು ತೆಗೆದುಕೊಂಡು ಸಹಿ ಮಾಡಿದರು. ತಳ್ಳುಗಾಡಿಯ ಮೇಲೆ ಹೋಗುತ್ತಾ ಅಣ್ಣ ಹೆಂಡತಿಯ ಕೈ ಹಿಡಿದು ಮೆಲ್ಲಗೆ, "ಅಳಬ್ಯಾಡ ಕಣೆ, ನಾನೂ ಅಂಗೇ ಅಂದ್ಕಂಡು ಮನಗಿದ್ದೆ," ಎಂದ. ಬಾಗಿಲು ಮುಚ್ಚಿತು. ಅತ್ತಿಗೆ ತಮ್ಮ ಫೋನನ್ನು ನನ್ನ ಕೈಗಿಟ್ಟು, "ನಾನು ಯಾರ್‍ಯಾರಿಗೆ ಏಳಿದ್ನೋ ಅವ್ರಿಗೆಲ್ಲಾ ನೀನೇ ಏಳು," ಎಂದು ಗೋಡೆಯ ಕಡೆ ತಿರುಗಿ ಕುಳಿತರು. ಹೇಳಿದೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದೆ. ಪುಟ್ಟಸ್ವಾಮಿ ಮಾತ್ರ, "ಸಂಜೆ ಆಲು ನಾನೇ ಅಳೀತೀನಿ ಅಂತ ಏಳು ಶಿವಣ್ಣಂಗೆ. ಯಾರ್ದೂ ಏರ್ಸಲ್ಲ, ಇಳ್ಸಲ್ಲ," ಎಂದು ಫೋನಿಟ್ಟ.

ನಳಿಕೆ ಇಳಿಯಿತು, ಕೀವು ಹೊರಬಂತು. ಆಪರೇಷನ್ ಬೇಕೋ ಬೇಡವೋ ಎನ್ನುವುದು ಇನ್ನು ಮುಂದಿನ ಪರೀಕ್ಷೆಗಳ ಮೇಲೆ ಎಂದು ಡಾಕ್ಟರು ಹೇಳಿದ ಗಳಿಗೆಯಿಂದ ನಾನು ಲ್ಯಾಬಿನ ಕಿಟಕಿಯನ್ನು ಬಿಟ್ಟು ಕದಲಲಿಲ್ಲ. ಒಳಗಿನ ಹೆಣ್ಣುಮಗಳು, "ಸಾ, ರಕ್ತ ಇನ್ನೂ ತೆಗೆದೇ ಇಲ್ಲ," ಎಂದು ಹೇಳಿದರೂ ನಿಂತಿದ್ದೆ. ದಿನ ಕಳೆದಂತೆ ಅಂಕಿ ಮೊದಲು ಸ್ವಲ್ಪ ಇಳಿಯಿತು, ಆಮೇಲೆ ಒಮ್ಮೆಲೇ ಇಳಿಯಿತು. ಆ ಕಾಗದ ಹಿಡಿದು ನಾನು ಮೆಟ್ಟಿಲು ಹತ್ತಿ ಓಡಿದೆ. ವಾರ್ಡಿನಲ್ಲಿ ಅಣ್ಣ ದಿಂಬಿಗೆ ಒರಗಿ ಕುಳಿತು, "ಇದೇನು ಗಂಜಿಯೋ ಕಲಗಚ್ಚೋ?" ಎಂದು ಅತ್ತಿಗೆಯೊಡನೆ ಜೋರಾಗಿ ಜಗಳವಾಡುತ್ತಿದ್ದ. ಪಕ್ಕದ ಮಂಚದವರು ನಗುತ್ತಿದ್ದರು. ನಾನು ನಡುವೆ ನುಗ್ಗಿ, ಏದುಸಿರಿನಲ್ಲಿ, "ಅಣ್ಣ, ನೀನು ಹುಷಾರಾಗ್ತಿದೀಯ!" ಎಂದು ಘೋಷಿಸಿದೆ.

"ಔದಾ?" ಎಂದ ಅಣ್ಣ. "ಏಳಿದ್ದು ಒಳ್ಳೇದಾಯ್ತು ಕಣ್ಲಾ."

ಹಿಂದೆಯೇ ಡಾಕ್ಟರು ಬಂದು, "ನಿಮ್ಮಣ್ಣ ಹೇಗಿದ್ದಾರೆ?" ಎಂದು ನನ್ನನ್ನು ಕೇಳಿದರು. ನಾನು ಕಾಗದ ಬಿಡಿಸಿ ಅಂಕಿ ಓದಿದೆ. "ಅದು ನನಗೆ ಗೊತ್ತು. ಅವರು ಹೇಗಿದ್ದಾರೆ ಅಂತ ಕೇಳಿದ್ದು," ಎಂದರು. ಆಗ ಅಣ್ಣನ ಮುಖ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಬೆಳ್ಳಗೆ ಬಂದಿತ್ತು. ಅವನು ಇಷ್ಟು ಸೊರಗಿದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ. ನಾನು ತಬ್ಬಿಬ್ಬಾದದ್ದನ್ನು ಕಂಡು ಅತ್ತಿಗೆ, ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕು, "ನಮ್ ಮಲ್ಲೇಶಂದೂ ಒಸಿ ರಕ್ತ ತಗಳಿ ಡಾಕ್ಟ್ರೇ. ಇವ್ನಿಗೇ ಜಾಸ್ತಿ ಆಗ್ಯದೆ," ಎಂದರು.

ಡಾಕ್ಟರೂ ನಕ್ಕರು, ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಮಾತ್ರ ಅಷ್ಟರಲ್ಲಿ ಅಂಗಿಯ ತೋಳು ಮಡಚಲು ಶುರು ಮಾಡಿದ್ದೆ.