ರಾಜನ ಹೊಟ್ಟೆಯೊಳಗಿನ ಬೀಜ

ಹಾರ್ಮೋನಿ... ಹಾರ್ಮೋನಿಯಂ ಅಲ್ಲ, ಅದರ ಹತ್ತಿರದ್ದೇ ಇನ್ನೊಂದು ಪದ. ನಮ್ಮ ಯಜಮಾನರು ಬಳ್ಳಾರಿಯಲ್ಲಿ ಪಶುವೈದ್ಯರಾಗಿದ್ದಾಗ, ಮನೆಗೆ ಬಂದು ಕೈ ತೊಳೆಯುತ್ತ ಹೇಳುತ್ತಿದ್ದರು. ಇಲ್ಲಿ ನಾಗಪುರದಲ್ಲಿ ಮಗಳ ಮನೆಯಲ್ಲಿ ಕೂತು ಮೊಮ್ಮಗಳಿಗೆ ಹೇಳಿ ಬರೆಸುವಾಗ ಪದ ಅರ್ಧವೇ ಬರುತ್ತದೆ, ನಾಯಿ ಮಾತ್ರ ಪೂರ್ತಿ ಕಣ್ಣಮುಂದೆ ನಿಲ್ಲುತ್ತದೆ. ದನದ ಡಾಕ್ಟರ ಮನೆಯಲ್ಲಿ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ಇದು ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಡೆದದ್ದು.

೧. ಚೀಲದ ಅಂಗಿ

ಸತ್ಯನಾರಾಯಣಪೇಟೆಯಲ್ಲಿ ಒಬ್ಬ ಮುದುಕಿ ಹುರಿದ ಶೇಂಗಾ ಮಾರುತ್ತಿದ್ದಳು. ಓಣಿಗೆಲ್ಲ ಆಕೆ ಅವ್ವ. ಆಕೆಯ ಮನೆಮಂದಿ ಅಂದರೆ ರಾಜ ಎಂಬ ಗಂಡುನಾಯಿ ಒಂದೇ. ಆ ವರ್ಷ ರಾಜನ ಎರಡೂ ಪಕ್ಕದ ಕೂದಲು, ಅಳತೆ ಹಿಡಿದು ಬೋಳಿಸಿದಂತೆ ಒಂದೇ ಸಮ ಉದುರಿತು. ಚರ್ಮ ಕಪ್ಪಾಯಿತು, ತುರಿಕೆ ಮಾತ್ರ ಇಲ್ಲ. ಮೇಲಾಗಿ ಮೊಲೆತೊಟ್ಟುಗಳು ಊದಿಕೊಂಡವು. ಅವ್ವ ಹೊಂಗೆ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚಿದಳು, ಏನೂ ಆಗಲಿಲ್ಲ. ಕಜ್ಜಿನಾಯಿ, ಮಕ್ಕಳಿಗೆ ಹತ್ತುತ್ತದೆ ಎಂದು ಓಣಿಯವರು ದೂರು ಕೊಟ್ಟರು. ನಾಯಿ ಹಿಡಿಯುವವರು ಬಂದು, ಮುಂದಿನ ಸಲವೂ ಹೀಗೇ ಇದ್ದರೆ ಒಯ್ದು ಕೊಲ್ಲುತ್ತೇವೆ ಎಂದು ಹೇಳಿ ಹೋದರು. ಬೋಳು ಮುಚ್ಚಲು ಅವ್ವ ಶೇಂಗಾ ಚೀಲ ಕತ್ತರಿಸಿ ರಾಜನಿಗೆ ಅಂಗಿ ಹೊಲಿದಳು. ಅದರ ಮೇಲಿನ 'ಶೇಂಗಾ' ಎಂಬ ಅಚ್ಚು ಓದಿದ ಗಿರಾಕಿಯೊಬ್ಬ, "ಇದು ಸೇರಿಗೆ ಎಷ್ಟವ್ವಾ?" ಅಂದನಂತೆ.

೨. ಬೀಳ್ಕೊಡುಗೆ

ಬಚ್ಚಿಡೋಣವೆಂದು ಅವ್ವ ನಾಯಿಯನ್ನು ಕುರುಗೋಡಿನ ತಂಗಿಯ ಮನೆಗೆ ಕರೆದೊಯ್ದಳು. ಅಲ್ಲಿಯ ಗಂಡುನಾಯಿಗಳೆಲ್ಲ ರಾಜನನ್ನು ಹೆಣ್ಣೆಂದು ತಿಳಿದು ಬೆನ್ನು ಹತ್ತಿದವು. ತಂಗಿ ಬಾಗಿಲು ಹಾಕಿಕೊಂಡು ಒಳಗಿನಿಂದಲೇ, "ಅಕ್ಕಾ, ರಾಣೀನ ತಂದು ರಾಜ ಅಂತ ಸುಳ್ಳು ಹೇಳ್ತೀಯಲ್ಲ" ಎಂದಳು. ಮರುದಿನ ಅವ್ವ ವಾಪಸು ಹೊರಟಾಗ ಬಸ್ಸಿನ ತನಕ ತಂಗಿ ಬರಲಿಲ್ಲ. ಊರ ಗಂಡುನಾಯಿಗಳು ಮಾತ್ರ ಒಂದೂ ತಪ್ಪದೆ ಬಂದು ಬೀಳ್ಕೊಟ್ಟವು.

೩. ಹರಳೆಣ್ಣೆ

ಕೊನೆಗೆ ಅವ್ವ ನಮ್ಮವರ ಹತ್ತಿರ ಬಂದಳು. ರಾಜನ ವೃಷಣಗಳಲ್ಲಿ ಒಂದು ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದು ಗಡ್ಡೆಯಾಗಿದೆ, ಅದು ಹೆಣ್ಣಿನ ರಸವನ್ನು ಮೈಗೆ ಬಿಡುತ್ತಿದೆ, ಕೂದಲು ಉದುರುವುದೂ ಗಂಡುಗಳು ಬೆನ್ನು ಹತ್ತುವುದೂ ಅದರಿಂದಲೇ ಎಂದು ನಮ್ಮವರು ನನಗೆ ಬಿಡಿಸಿ ಹೇಳಿದರು. ಮುದುಕಿಯ ಮುಂದೆ ಮಾತ್ರ ಸಂಕೋಚಪಟ್ಟು, "ಹೊಟ್ಟ್ಯಾಗ ಬೀಜ ಉಳದೈತಿ, ಕೊಯ್ದು ತಗೀಬೇಕ್ರಿ" ಅಂದಿದ್ದರು.

ಶೇಂಗಾ ಮಾರುವವಳಿಗೆ ಬೀಜ ಅಂದರೆ ಒಂದೇ. ಒಂದು ಕಾಳಿಗಾಗಿ ಹೊಟ್ಟೆ ಕೊಯ್ಯುತ್ತಾರೇನು ಎಂದು ಸಿಟ್ಟಾಗಿ ಮನೆಗೆ ಹೋಗಿ ರಾಜನಿಗೆ ಹರಳೆಣ್ಣೆ ಕುಡಿಸಿದಳು. ಆ ಓಣಿಯಲ್ಲಿ ಜನ ಮೂಗು ಮುಚ್ಚಿಕೊಂಡು ಓಡಾಡಿದರು. ಆಮೇಲೆ ಅವ್ವ ನಮ್ಮ ಮನೆ ಕಟ್ಟೆಯ ಮೇಲೆ ಬಂದು ಕೂತು, "ಬೀಜ ಒಂದ ಬಿಟ್ಟು ಎಲ್ಲಾ ಬಂತ್ರಿ, ಡಾಕ್ಟರಮ್ಮ" ಅಂದಳು.

ನಗು ಗಂಟಲಿಗೆ ಬಂದಿತ್ತು. ಆಕೆಯ ಕಣ್ಣಲ್ಲಿ ನೀರು ನೋಡಿ ನುಂಗಿಕೊಂಡೆ.

"ಕೊಯ್ರಿ ಅಂತ ಹೇಳ್ರಿ. ಸತ್ತರ ನಿಮ್ಮವರ ಕೈಯಾಗ ಸಾಯಲಿ, ಆ ನಾಯಿ ಹಿಡಿಯೋರ ಕೈಯಾಗ ಬ್ಯಾಡ."

೪. ಎದುರಂಗಡಿಯ ಮಾಲು

ಕೊಯ್ದರೂ ರಾಜ ಸಾಯಲಿಲ್ಲ. ನಾಯಿ ಹಿಡಿಯುವವರು ಮತ್ತೆ ಬರುವಷ್ಟರಲ್ಲಿ, ನಮ್ಮ ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ಸಸಿ ಏಳುವಂತೆ ಅವನ ಬೆನ್ನ ಮೇಲೆ ಹೊಸ ಕೂದಲು ಎದ್ದಿತ್ತು. ಅವರು ಹಗ್ಗ ಸುತ್ತಿಕೊಂಡು ಹೋದರು.

ಅವತ್ತೇ ಅವ್ವ ರಾಜನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದು, ಆ ಬೀಜವನ್ನು ಒಮ್ಮೆ ನೋಡಬೇಕು ಅಂದಳು. ಊಟದ ಡಬ್ಬಿ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ನಮ್ಮವರು ತಡವರಿಸಿ ಬಾಟಲಿ ತಂದರು. ಒಳಗೆ ನಿಂಬೆಹಣ್ಣಿನಷ್ಟು ದಪ್ಪ ಗಡ್ಡೆ. ಅವ್ವ ಅದನ್ನು ಬೆಳಕಿಗೆ ಹಿಡಿದು, ಮಾಲು ಪರೀಕ್ಷಿಸುವವಳಂತೆ ಸುತ್ತ ತಿರುಗಿಸಿ ನೋಡಿ, ಸಮಾಧಾನದಿಂದ ಕೆಳಗಿಟ್ಟಳು.

"ಇದು ನಮ್ಮ ಅಂಗಡೀದಲ್ರಿ. ಇಷ್ಟು ದಪ್ಪ ಕಾಳು ಎದುರಂಗಡಿಯವನ ಹತ್ರ ಇರ್ತಾವ."

ನಮ್ಮವರು ತಿದ್ದಲು ಬಾಯಿ ತೆರೆದರು. ನಾನು ಅವರ ತೋಳು ಹಿಡಿದೆ.

ಹಾರ್ಮೋನು ಅಜ್ಜಿ, ಹಾರ್ಮೋನು ಎಂದು ಮೊಮ್ಮಗಳು ಈಗ ಪದ ಹುಡುಕಿಕೊಟ್ಟಳು. ಹೌದು, ಅದೇ. ಆದರೆ ನೀನು ಬೀಜ ಅಂತಲೇ ಬರಿ, ಪುಟ್ಟಾ. ಅವ್ವ ನಾಯಿಯನ್ನು ಕೊಯ್ಯಲು ಕೊಟ್ಟದ್ದು ಆ ಮಾತನ್ನು ನಂಬಿ.